ಗದ್ದೆ ನಿಮ್ಮದು, ಆಟ ನಮ್ಮದು

ಬೇಸಿಗೆ ರಜೆಗೆಂದು ಬೆಂಗಳೂರಿನಿಂದ ಬಂದ ಅಕ್ಕನ ಮಗ, ಚಪ್ಪಲಿ ಕಳಚುವ ಮೊದಲೇ ನನ್ನ ಲ್ಯಾಪ್‌ಟಾಪ್ ಎಲ್ಲಿದೆ ಎಂದು ಕೇಳಿದ. ಶಾಲೆಯ ಐಡಿ ಕಾರ್ಡ್ ನೇತುಹಾಕುವ ನೀಲಿ ಪಟ್ಟಿ ಕೊರಳಲ್ಲಿತ್ತು. ಅದರ ತುದಿಯಲ್ಲಿ ಕಾರ್ಡಿನ ಬದಲು ಒಂದು ಪೆನ್‌ಡ್ರೈವ್ ತೂಗುತ್ತಿತ್ತು.

“ಮಾಮ, ನನ್ನ ಮೈನ್‌ಕ್ರಾಫ್ಟ್ ಪೂರ್ತಿ ಇದ್ರಲ್ಲಿದೆ. ನೀನು ಏನೂ ಇನ್‌ಸ್ಟಾಲ್ ಮಾಡೋದು ಬೇಡ.”

ಸಿಕ್ಕಿಸಿ ನೋಡಿದೆವು. ಒಳಗೆ ಒಂದೇ ಒಂದು ಫೈಲ್. ಹುಲ್ಲು ಬೆಳೆದ ಮಣ್ಣಿನ ಹೆಂಟೆಯ ಚಿತ್ರ, ಎಡಗಡೆಯ ಕೆಳಮೂಲೆಯಲ್ಲಿ ಪುಟ್ಟ ಬಾಣದ ಗುರುತು, ತೂಕ 2 ಕೆಬಿ. ಒತ್ತಿದರೆ, ಇದು ಹೇಳುವ ವಸ್ತು ಇಲ್ಲಿಲ್ಲ ಎಂದು ಕಂಪ್ಯೂಟರ್ ಕೈಚೆಲ್ಲಿತು. ಹುಡುಗ ಡೆಸ್ಕ್‌ಟಾಪಿನ ಮೇಲಿದ್ದ ಶಾರ್ಟ್‌ಕಟ್ಟನ್ನು ಕಾಪಿ ಮಾಡಿಕೊಂಡು ಬಂದಿದ್ದ. ಮನೆಯನ್ನು ತರುತ್ತೇನೆಂದು ಹೊರಟು ಮನೆಯ ವಿಳಾಸ ಬರೆದ ಚೀಟಿ ತಂದ ಹಾಗೆ.

ಅದೇ ರಾತ್ರಿ ನಮ್ಮ ಹಿತ್ತಲಾಚೆಯ ಕೊಯ್ಲಾದ ಗದ್ದೆಯಲ್ಲಿ ಆಟವಿತ್ತು. ಕರಾವಳಿಯಲ್ಲಿ ಆಟ ಎಂದರೆ ಯಕ್ಷಗಾನ. ಬೇರೆ ವಿವರಣೆ ಬೇಡ. ಸಂಜೆ ಮೇಳದ ಲಾರಿ ಬಂತು. ರಂಗಸ್ಥಳದ ಕಂಬಗಳು, ತೆರೆ, ವೇಷದ ಪೆಟ್ಟಿಗೆಗಳು, ಚೆಂಡೆ, ಮದ್ದಳೆ ಇಳಿದವು. ನೋಡನೋಡುತ್ತಿದ್ದಂತೆ ಗದ್ದೆಯ ಒಂದು ಬದಿ ವೇಷ ಕಟ್ಟುವ ಚೌಕಿಯಾಯಿತು, ಇನ್ನೊಂದು ಬದಿ ರಂಗಸ್ಥಳವಾಯಿತು. ಬೆಳಗಾಗುವಾಗ ಎಲ್ಲವೂ ಮತ್ತೆ ಲಾರಿ ಏರಿ, ಗದ್ದೆ ಗದ್ದೆಯಾಗಿಯೇ ಉಳಿಯಿತು. ಮೇಳ ಊರಿನಿಂದ ಪಡೆದದ್ದು ಜಾಗ, ಕರೆಂಟು, ಊಟ. ಉಳಿದದ್ದೆಲ್ಲ ಅವರದೇ.

ಹುಡುಗನಿಗೂ ಬೇಕಾಗಿದ್ದದ್ದು ಇದೇ ಏರ್ಪಾಟು. ಯಾವುದನ್ನು ಹೊತ್ತು ತರಬೇಕು, ಯಾವುದನ್ನು ಹೋದಲ್ಲಿ ಎರವಲು ಪಡೆಯಬಹುದು ಎಂಬ ಲೆಕ್ಕ ಸರಿಯಾದರೆ ಆಟ ಯಾವ ಗದ್ದೆಯಲ್ಲಾದರೂ ನಡೆಯುತ್ತದೆ. ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಆ ರಜೆಯಲ್ಲಿ ನಾವಿಬ್ಬರೂ ಕಲಿತೆವು.

ಚೀಟಿ ಮತ್ತು ಮನೆ

ಮೈನ್‌ಕ್ರಾಫ್ಟ್ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಸ್ಯಾಂಡ್‌ಬಾಕ್ಸ್ ಜಾತಿಯ ಆಟ. ಹೆಸರೇ ಹೇಳುವಂತೆ ಮಕ್ಕಳ ಮರಳಾಟದ ಹಾಗೆ. ಗೆದ್ದೇ ತೀರಬೇಕೆಂಬ ಹಟವಿಲ್ಲ. ಇಡೀ ಲೋಕ ಒಂದು ಮೀಟರ್ ಉದ್ದಗಲದ ಘನಗಳಿಂದ ಆಗಿದೆ. ಆಡುವವರು ಅವನ್ನು ಬ್ಲಾಕ್ ಎನ್ನುತ್ತಾರೆ. ಮಣ್ಣಿನ ಬ್ಲಾಕ್ ಅಗೆಯಬಹುದು, ಕಲ್ಲಿನ ಬ್ಲಾಕ್ ಪೇರಿಸಬಹುದು, ಮನೆ ಕಟ್ಟಬಹುದು, ಬೇಸರವಾದರೆ ಕೆಡವಬಹುದು. ಸ್ವೀಡನ್ನಿನ ಮಾರ್ಕುಸ್ ಪೆರ್ಸನ್ ಒಬ್ಬರೇ ಕೂತು ಬರೆದ ಮೊದಲ ರೂಪವನ್ನು 2009ರ ಮೇ 17ರಂದು ಜನರ ಮುಂದಿಟ್ಟರು. ಅವರ ಕಂಪನಿ ಮೊಜಾಂಗನ್ನು 2014ರಲ್ಲಿ ಮೈಕ್ರೋಸಾಫ್ಟ್ 250 ಕೋಟಿ ಡಾಲರಿಗೆ ಕೊಂಡಿತು. 2023ರ ಹೊತ್ತಿಗೆ ಆಟದ 30 ಕೋಟಿ ಪ್ರತಿಗಳು ಮಾರಾಟವಾಗಿದ್ದವು.

ಈ ಆಟಕ್ಕೆ ಎರಡು ಅವತಾರಗಳಿವೆ. ಫೋನು, ಗೇಮ್ ಕನ್ಸೋಲ್, ಮೈಕ್ರೋಸಾಫ್ಟ್ ಸ್ಟೋರ್‌ಗಳಲ್ಲಿ ಸಿಗುವ ಬೆಡ್‌ರಾಕ್ ಆವೃತ್ತಿ ಆಯಾ ಯಂತ್ರಕ್ಕೆ ಅಂಟಿಕೊಂಡೇ ಇರುತ್ತದೆ. ಅದನ್ನು ಎಬ್ಬಿಸಿ ಹೊತ್ತೊಯ್ಯುವುದು ಕಷ್ಟ. ಪೆರ್ಸನ್ ಮೊದಲು ಬರೆದದ್ದು ಜಾವಾ ಆವೃತ್ತಿ. ಪೆನ್‌ಡ್ರೈವ್ ಏರಲು ಒಪ್ಪುವುದು ಅದೇ.

ಒಪ್ಪುತ್ತದೆ ಎಂದರೂ ಸುಮ್ಮನೆ ಒಪ್ಪುವುದಿಲ್ಲ. ಆಟ ತನ್ನ ಸಾಮಾನುಗಳನ್ನೆಲ್ಲ ಮೈನ್‌ಕ್ರಾಫ್ಟ್ ಎಂಬ ಒಂದೇ ಫೋಲ್ಡರಿನಲ್ಲಿ ಇಟ್ಟುಕೊಂಡಿರುತ್ತದೆ. ಹೆಸರಿನ ಮುಂದೊಂದು ಚುಕ್ಕೆ ಇರುತ್ತದೆ. ಯುನಿಕ್ಸ್ ಕಾಲದಿಂದಲೂ ಚುಕ್ಕೆಯಿಂದ ಶುರುವಾಗುವ ಹೆಸರು ಎಂದರೆ ಬಳಸುವವರ ಕಣ್ಣಿಗೆ ಬೀಳಬೇಕಾಗಿಲ್ಲದ್ದು ಎಂದರ್ಥ. ವಿಂಡೋಸ್‌ನಲ್ಲಿ ಇದು ಸಿ ಡ್ರೈವಿನ ಬಳಕೆದಾರನ ಫೋಲ್ಡರಿನೊಳಗೆ, ಆ್ಯಪ್‌ಡೇಟಾದೊಳಗೆ, ರೋಮಿಂಗ್ ಎಂಬುದರೊಳಗೆ ಅಡಗಿ ಕೂತಿರುತ್ತದೆ. ತೆರೆದರೆ ಹಲವು ಕೋಣೆಗಳು: ಆಟದ ಬೇರೆಬೇರೆ ಆವೃತ್ತಿಗಳಿಗೆ ಒಂದು, ಪೂರಕ ಪ್ರೋಗ್ರಾಂಗಳಿಗೆ ಒಂದು, ಸದ್ದು ಮತ್ತು ಸಂಗೀತಕ್ಕೆ ಒಂದು. ಕಟ್ಟಕಡೆಗೆ ಸೇವ್ಸ್ ಎಂಬ ಕೋಣೆ. ಆಡುವವರು ಕಟ್ಟಿದ ಲೋಕಗಳೆಲ್ಲ ಇರುವುದು ಅಲ್ಲಿ.

ಈ ಫೋಲ್ಡರನ್ನು ಎತ್ತಿ ಪೆನ್‌ಡ್ರೈವಿಗೆ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಯಾಕೆಂದರೆ ಆಟವನ್ನು ಶುರುಮಾಡುವ ಲಾಂಚರ್ ಹೊಸ ಕಂಪ್ಯೂಟರಿನಲ್ಲೂ ಹಳೆ ರೂಢಿಯಂತೆ ನೇರ ಸಿ ಡ್ರೈವಿಗೆ ನಡೆಯುತ್ತದೆ. ಅಲ್ಲಿ ಏನೂ ಕಾಣದೆ, ಇವರು ಹೊಸಬರಿರಬೇಕು ಎಂದುಕೊಂಡು ಎಲ್ಲವನ್ನೂ ಮೊದಲಿನಿಂದ ಡೌನ್‌ಲೋಡ್ ಮಾಡತೊಡಗುತ್ತದೆ. ಪಕ್ಕದ ಪೆನ್‌ಡ್ರೈವಿನಲ್ಲೇ ಎಲ್ಲವೂ ಇದೆ ಎಂಬುದು ಅದಕ್ಕೆ ಗೊತ್ತೇ ಇಲ್ಲ.

ಇಲ್ಲಿ ವಿಳಾಸದ ವಿಚಾರ ಬರುತ್ತದೆ. ದಾರಿ ಹೇಳುವುದರಲ್ಲಿ ಎರಡು ಬಗೆ. ಇಂಥ ಜಿಲ್ಲೆ, ಇಂಥ ಊರು, ಇಂಥ ಮನೆ ಎನ್ನುವುದು ಒಂದು. ನೀನು ನಿಂತಲ್ಲಿಂದ ಎಡಕ್ಕೆ ಎರಡನೇ ಬಾಗಿಲು ಎನ್ನುವುದು ಇನ್ನೊಂದು. ಮೊದಲನೆಯದು ಊರು ಬದಲಾದರೆ ಕೆಟ್ಟಿತು. ಎರಡನೆಯದು ನೀವು ಎಲ್ಲಿದ್ದರೂ ನಡೆಯುತ್ತದೆ. ಪೆನ್‌ಡ್ರೈವಿಗಂತೂ ಖಾಯಂ ವಿಳಾಸವೇ ಇಲ್ಲ: ಒಂದು ಕಂಪ್ಯೂಟರಿನಲ್ಲಿ ಅದು ಇ ಡ್ರೈವ್, ಇನ್ನೊಂದರಲ್ಲಿ ಎಫ್, ಮತ್ತೊಂದರಲ್ಲಿ ಜಿ. ಆದ್ದರಿಂದ ಅಲೆಮಾರಿ ಪ್ರೋಗ್ರಾಂಗಳು ಎರಡನೇ ಬಗೆಯ ವಿಳಾಸವನ್ನೇ ನೆಚ್ಚಬೇಕು.

ಮೈನ್‌ಕ್ರಾಫ್ಟ್ ಆಡುವ ಮಕ್ಕಳು ಇದಕ್ಕೊಂದು ಉಪಾಯವನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. ನೋಟ್‌ಪ್ಯಾಡಿನಲ್ಲಿ ಎರಡು ಸಾಲು ಬರೆದು ಬ್ಯಾಚ್ ಫೈಲ್ ಆಗಿ ಉಳಿಸುವುದು. ಮೊದಲ ಸಾಲಿನ ತಾತ್ಪರ್ಯ: ‘ಈ ಫೈಲ್ ಎಲ್ಲಿದೆಯೋ ಅದೇ ಜಾಗವನ್ನು ಆ್ಯಪ್‌ಡೇಟಾ ಎಂದು ತಿಳಿ.’ ಎರಡನೆಯದು: ‘ಈಗ ಪಕ್ಕದಲ್ಲಿರುವ ಲಾಂಚರನ್ನು ಎಬ್ಬಿಸು.’ ಆ್ಯಪ್‌ಡೇಟಾ ಎಂಬುದು ವಿಂಡೋಸ್ ತನ್ನ ಪ್ರೋಗ್ರಾಂಗಳಿಗೆಲ್ಲ ಕಿವಿಯಲ್ಲಿ ಹೇಳಿ ಕಳಿಸುವ ಒಂದು ಮಾತು. ಆ ಮಾತನ್ನು ಈ ಒಂದು ಪ್ರೋಗ್ರಾಂಗೆ ಮಾತ್ರ ಬದಲಿಸಿ ಹೇಳಿದರೆ ಅದು ಸಿ ಡ್ರೈವಿನ ಕಡೆ ತಿರುಗಿಯೂ ನೋಡುವುದಿಲ್ಲ. ಉಳಿದ ಪ್ರೋಗ್ರಾಂಗಳಿಗೆ ಇದರ ಸುಳಿವೇ ಸಿಗುವುದಿಲ್ಲ. ಲಾಂಚರ್ ಮುಚ್ಚಿದೊಡನೆ ಮಾತು ಮರೆತು ಹೋಗುತ್ತದೆ. ಲಾಂಚರಿಗೇ ನೇರವಾಗಿ ‘ಇದು ನಿನ್ನ ಕೆಲಸದ ಫೋಲ್ಡರ್’ ಎಂದು ಸೂಚನೆ ಕೊಡುವ ದಾರಿಯೂ ಇದೆ. ಪ್ರಿಸ್ಮ್ ಎಂಬ ಸ್ವತಂತ್ರ ಲಾಂಚರಿನಲ್ಲಿ ಇದು ಇನ್ನೂ ಸುಲಭ: ಅದರ ಪಕ್ಕದಲ್ಲಿ ಪೋರ್ಟಬಲ್ ಎಂಬ ಹೆಸರಿನ ಒಂದು ಪಠ್ಯ ಫೈಲ್ ಇದ್ದರೆ ಸಾಕು, ತನ್ನ ಸಂಸಾರವನ್ನೆಲ್ಲ ತಾನಿರುವಲ್ಲೇ ಹೂಡುತ್ತದೆ.

ಆ ಶನಿವಾರ ಭಾವ ಊರಿಗೆ ಬರುವವರಿದ್ದರು. ಹುಡುಗ ಫೋನಿನಲ್ಲಿ ಅಪ್ಪನಿಗೆ ಅರ್ಧ ತಾಸು ಪಾಠ ಮಾಡಿದ. “ಅಪ್ಪ, ಚುಕ್ಕೆ ಇರೋ ಫೋಲ್ಡರ್. ಚುಕ್ಕೆ! ಐಕಾನ್ ಅಲ್ಲ.” ಈ ಸಲ ಮನೆಯೇ ಬಂತು.

ಭಾಗವತರನ್ನೂ ಕರೆತನ್ನಿ

ಪ್ರಸಂಗದ ಪುಸ್ತಕ ಕೈಯಲ್ಲಿದ್ದರೆ ಆಟ ನಡೆದೀತೆ? ಪದ ಎತ್ತಿ ವೇಷಗಳನ್ನು ಕುಣಿಸುವ ಭಾಗವತರು ಬೇಕು. ಜಾವಾ ಭಾಷೆಯಲ್ಲಿ ಬರೆದ ಪ್ರೋಗ್ರಾಂಗಳ ಕಥೆಯೂ ಹೀಗೆಯೇ.

ಸಾಮಾನ್ಯವಾಗಿ ಪ್ರೋಗ್ರಾಂ ಒಂದನ್ನು ಒಂದು ಬಗೆಯ ಪ್ರೊಸೆಸರಿಗೆ, ಒಂದು ಬಗೆಯ ಆಪರೇಟಿಂಗ್ ಸಿಸ್ಟಮಿಗೆ ಹೊಂದುವಂತೆ ಯಂತ್ರಭಾಷೆಗೆ ಇಳಿಸುತ್ತಾರೆ. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದ ಜೇಮ್ಸ್ ಗಾಸ್ಲಿಂಗ್ ಮತ್ತು ಸಂಗಡಿಗರು 1995ರಲ್ಲಿ ಹೊರತಂದ ಜಾವಾ ಬೇರೆ ಹಾದಿ ಹಿಡಿಯಿತು. ಅದು ಪ್ರೋಗ್ರಾಮನ್ನು ಬೈಟ್‌ಕೋಡ್ ಎಂಬ ನಡುಭಾಷೆಗೆ ತಂದು ಅಲ್ಲೇ ನಿಲ್ಲಿಸುತ್ತದೆ. ಓಡಿಸುವ ಹೊತ್ತಿಗೆ ಆ ನಡುಭಾಷೆಯನ್ನು ಸ್ಥಳೀಯ ಯಂತ್ರಕ್ಕೆ ಅರ್ಥವಾಗುವಂತೆ ಮಾಡಲು ಜಾವಾ ವರ್ಚುಯಲ್ ಮಷೀನ್ ಎಂಬ ಇನ್ನೊಂದು ಪ್ರೋಗ್ರಾಂ ಬೇಕು. ಪ್ರಸಂಗ ಒಂದೇ, ಭಾಗವತರು ಆಯಾ ಊರಿಗೆ ತಕ್ಕವರು.

ಮೊದಲೆಲ್ಲ ಪೆನ್‌ಡ್ರೈವ್ ಆಟಗಾರರು ಎಡವುತ್ತಿದ್ದದ್ದು ಇಲ್ಲೇ. ಹೋದ ಕಂಪ್ಯೂಟರಿನಲ್ಲಿ ಜಾವಾ ಇಲ್ಲದಿದ್ದರೆ ಆಟ ಏಳುತ್ತಲೇ ಇರಲಿಲ್ಲ. ಈಗಿನ ಲಾಂಚರ್ ತನಗೆ ಬೇಕಾದ ಜಾವಾವನ್ನು ತಾನೇ ತಂದು ತನ್ನ ಫೋಲ್ಡರಿನಲ್ಲಿ ಇಟ್ಟುಕೊಳ್ಳುತ್ತದೆ. ಅದೂ ಆವೃತ್ತಿಗೊಂದರಂತೆ: ಆಟದ 1.17ಕ್ಕೆ ಜಾವಾ 16, 1.18ಕ್ಕೆ 17, 1.20.5ಕ್ಕೆ 21. ಹೀಗೆ ಭಾಗವತರೂ ಲಾರಿ ಹತ್ತಿದ್ದಾರೆ.

ಆದರೂ ಒಂದು ತೊಡಕಿದೆ. ಪರದೆಯ ಮೇಲೆ ಚಿತ್ರ ಬಿಡಿಸಲು, ಸದ್ದು ಹೊರಡಿಸಲು ಮೈನ್‌ಕ್ರಾಫ್ಟ್ ಬಳಸುವ ಪೂರಕ ಪ್ರೋಗ್ರಾಂಗಳಲ್ಲಿ ಒಂದಿಷ್ಟು ಭಾಗ ಆಯಾ ಆಪರೇಟಿಂಗ್ ಸಿಸ್ಟಮಿನ ಯಂತ್ರಭಾಷೆಯಲ್ಲೇ ಇದೆ. ಆದ್ದರಿಂದ ವಿಂಡೋಸ್‌ಗೆಂದು ಸಿದ್ಧವಾದ ಪೆನ್‌ಡ್ರೈವ್ ಮ್ಯಾಕ್‌ನಲ್ಲಿ ನೇರವಾಗಿ ಓಡುವುದಿಲ್ಲ. ಸೇವ್ಸ್ ಕೋಣೆಯೊಳಗಿನ ಲೋಕ ಮಾತ್ರ ಎಲ್ಲ ಕಡೆಯೂ ಒಂದೇ. ವಿಂಡೋಸ್‌ನಲ್ಲಿ ಕಟ್ಟಿದ ಮನೆಯನ್ನು ಲಿನಕ್ಸ್‌ನಲ್ಲಿ ತೆರೆಯಬಹುದು.

ಹಾಗಾದರೆ ಹೋದ ಮನೆಯಿಂದ ಎರವಲು ಪಡೆಯುವುದು ಏನು? ಪ್ರೊಸೆಸರ್, ಗ್ರಾಫಿಕ್ಸ್ ಚಿಪ್, ಮೆಮೊರಿ. ಪೆನ್‌ಡ್ರೈವ್‌ನಿಂದ ಆಟ ಆಡುತ್ತೇವೆ ಎಂದರೂ ಆಟ ನಡೆಯುವುದು ಪೆನ್‌ಡ್ರೈವಿನೊಳಗೆ ಅಲ್ಲವೇ ಅಲ್ಲ. ಲೋಕದ ಬೇಕಾದ ಭಾಗ ಕಂಪ್ಯೂಟರಿನ ಮೆಮೊರಿಗೆ ಏರಿ ಅಲ್ಲಿ ಬದುಕುತ್ತದೆ. ಆಟಕ್ಕೆಂದು ಲಾಂಚರ್ ಬಹಳ ಕಾಲ ಮಾಮೂಲಾಗಿ ಬೇಡುತ್ತಿದ್ದದ್ದು 2 ಜಿಬಿ. ಆಟ ಸೆಕೆಂಡಿಗೆ 20 ಬಾರಿ ಲೋಕದ ಸ್ಥಿತಿಯನ್ನು ಲೆಕ್ಕ ಹಾಕುತ್ತದೆ, ಅಂದರೆ ಪ್ರತಿ ಲೆಕ್ಕಕ್ಕೆ ಸಿಗುವ ಸಮಯ 50 ಮಿಲಿಸೆಕೆಂಡ್. ಅಷ್ಟರಲ್ಲಿ ನೀರು ಹರಿಯಬೇಕು, ಪೈರು ಬೆಳೆಯಬೇಕು, ಕುರಿ ನಡೆಯಬೇಕು. ನನ್ನ ಹಳೆಯ ಲ್ಯಾಪ್‌ಟಾಪ್ ಏದುಸಿರು ಬಿಟ್ಟದ್ದು ಈ ಲೆಕ್ಕಕ್ಕೆ. ಪೆನ್‌ಡ್ರೈವ್ ಎಷ್ಟೇ ಒಳ್ಳೆಯದಿರಲಿ, ಗದ್ದೆ ಚಿಕ್ಕದಾದರೆ ಕುಣಿತವೂ ಚಿಕ್ಕದೇ.

ಒಂದು ಸಂಖ್ಯೆಯಿಂದ ಹುಟ್ಟಿದ ಗುಡ್ಡ

ಮೈನ್‌ಕ್ರಾಫ್ಟ್ ಲೋಕದ ಅಗಲ ಸುಮಾರು 6 ಕೋಟಿ ಬ್ಲಾಕ್, ಉದ್ದವೂ ಅಷ್ಟೇ. ಬ್ಲಾಕಿಗೊಂದು ಮೀಟರಿನಂತೆ ಲೆಕ್ಕ ಹಿಡಿದರೆ 60 ಸಾವಿರ ಕಿಲೋಮೀಟರ್ ಚೌಕ. ಅದು ಕಡಲು ನೆಲ ಸೇರಿ ಭೂಮಿಯ ಇಡೀ ಮೇಲ್ಮೈಯ ಏಳು ಪಟ್ಟು. ಇಂಥ ಲೋಕ 32 ಜಿಬಿ ಪೆನ್‌ಡ್ರೈವಿನಲ್ಲಿ ಹಿಡಿದದ್ದಾದರೂ ಹೇಗೆ?

ಹಿಡಿದಿಲ್ಲ ಎಂಬುದೇ ಉತ್ತರ. ಅಲ್ಲಿರುವುದು ಒಂದು ಸಂಖ್ಯೆ ಮತ್ತು ಹುಡುಗ ಕಾಲಿಟ್ಟ ಜಾಗಗಳ ದಾಖಲೆ.

ಆ ಸಂಖ್ಯೆಗೆ ಸೀಡ್ ಎನ್ನುತ್ತಾರೆ, ಬೀಜ. ಹೊಸ ಲೋಕ ತೆರೆಯುವಾಗ ನಮಗೆ ಬೇಕಾದ ಪದವನ್ನೂ ಕೊಡಬಹುದು. ಆಟ ಅದನ್ನು ಸಂಖ್ಯೆಯಾಗಿ ಮಾಡಿಕೊಳ್ಳುತ್ತದೆ. ನಮ್ಮ ಹುಡುಗ ಇಂಗ್ಲಿಷ್ ಅಕ್ಷರಗಳಲ್ಲಿ ಅಜ್ಜಿಮನೆ ಎಂದು ಟೈಪಿಸಿದ್ದ. ಜಾವಾ ಇದನ್ನು ಸಂಖ್ಯೆಗೆ ತಿರುಗಿಸುವ ಬಗೆ ಮಗ್ಗಿ ಬಲ್ಲವರಿಗೆಲ್ಲ ತಿಳಿಯುವಂಥದು. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯಿದೆ: ಸಣ್ಣ ‘ಎ’ಗೆ 97, ಸಣ್ಣ ‘ಜೆ’ಗೆ 106. ಇದುವರೆಗಿನ ಮೊತ್ತವನ್ನು 31ರಿಂದ ಗುಣಿಸು, ಮುಂದಿನ ಅಕ್ಷರದ ಸಂಖ್ಯೆ ಕೂಡಿಸು. ಎ ಆದಮೇಲೆ ಜೆ ಬಂದರೆ 97 ಗುಣಿಸು 31, ಕೂಡಿಸು 106, ಉತ್ತರ 3,113. ಮತ್ತೊಂದು ಜೆ ಬಂದಾಗ 96,609. ಎಂಟು ಅಕ್ಷರ ಮುಗಿಯುವಷ್ಟರಲ್ಲಿ ಸಂಖ್ಯೆ ಬೆಳೆದು, 32 ಬಿಟ್‌ಗಳ ಪಾತ್ರೆಯಲ್ಲಿ ಹಿಡಿಯದೆ ಚೆಲ್ಲಿ, ಉಳಿದದ್ದು ಬೀಜವಾಗುತ್ತದೆ.

ಈ ಬೀಜವನ್ನು ಆಟ ಒಂದು ಗಣಿತ ಸೂತ್ರಕ್ಕೆ ಉಣಿಸುತ್ತದೆ. ಸೂತ್ರದ ಮೂಲಪುರುಷ ಕೆನ್ ಪರ್ಲಿನ್. 1982ರ ‘ಟ್ರಾನ್’ ಸಿನಿಮಾಕ್ಕೆ ಕೆಲಸ ಮಾಡಿದ್ದ ಅವರಿಗೆ ಕಂಪ್ಯೂಟರ್ ಬಿಡಿಸುವ ಚಿತ್ರಗಳ ನಯ ನಾಜೂಕು ಬೇಸರ ತರಿಸಿತ್ತು. ನಿಜಲೋಕದ ಕಲ್ಲು, ಮೋಡ, ಮರದ ತೊಗಟೆಗಳಲ್ಲಿ ಇರುವ ಏರುಪೇರು ಅದರಲ್ಲಿ ಇರಲಿಲ್ಲ. ಅವರು ರೂಪಿಸಿ 1985ರಲ್ಲಿ ಪ್ರಕಟಿಸಿದ ಪರ್ಲಿನ್ ನಾಯ್ಸ್ ಎಂಬ ವಿಧಾನ ಯದ್ವಾತದ್ವಾ ಕಾಣುವ, ಆದರೆ ಅಕ್ಕಪಕ್ಕದ ಬಿಂದುಗಳ ನಡುವೆ ಹದವಾಗಿ ಏರಿಳಿಯುವ ಸಂಖ್ಯೆಗಳನ್ನು ಕೊಡುತ್ತದೆ. 1997ರಲ್ಲಿ ಇದಕ್ಕೆ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಬಂತು. ಆ ಏರಿಳಿತವನ್ನು ಎತ್ತರ ಎಂದುಕೊಂಡರೆ ಗುಡ್ಡ, ಕಣಿವೆ. ಇದರಲ್ಲಿ ಅದೃಷ್ಟದ ಮಾತಿಲ್ಲ. ಬೀಜವೂ ಆಟದ ಆವೃತ್ತಿಯೂ ಅವೇ ಆದರೆ ಸ್ಟಾಕ್‌ಹೋಮ್‌ನಲ್ಲಿ ಬೆಳೆಯುವ ಗುಡ್ಡವೇ ಶಿರಸಿಯಲ್ಲೂ ಬೆಳೆಯುತ್ತದೆ.

ಲೋಕ ಒಮ್ಮೆಲೇ ಹುಟ್ಟುವುದಿಲ್ಲ. 16 ಬ್ಲಾಕ್ ಅಗಲ, 16 ಉದ್ದ, 384 ಎತ್ತರದ ತುಂಡುಗಳಾಗಿ ಹುಟ್ಟುತ್ತದೆ. ತುಂಡಿಗೆ ಚಂಕ್ ಎಂದು ಹೆಸರು. ಒಂದರಲ್ಲಿ 98,304 ಬ್ಲಾಕ್ ಜಾಗ. ಸುತ್ತ 12 ಚಂಕ್ ದೂರ ಕಾಣಲಿ ಎಂದು ಆಯ್ದರೆ 25 ಗುಣಿಸು 25, ಅಂದರೆ 625 ಚಂಕ್‌ಗಳು ಮೆಮೊರಿಯಲ್ಲಿ ಇರಬೇಕು: 6 ಕೋಟಿ 14 ಲಕ್ಷದ 40 ಸಾವಿರ ಬ್ಲಾಕ್. ಹುಡುಗ ನಡೆದಂತೆ ಮುಂದಿನವು ಹುಟ್ಟುತ್ತವೆ, ಹಿಂದಿನವು ಪೆನ್‌ಡ್ರೈವಿಗೆ ಹೋಗುತ್ತವೆ. ಅವನು ಹೋಗದ ದಿಕ್ಕಿನಲ್ಲಿ ಏನೂ ಇಲ್ಲ, ಸೂತ್ರವೊಂದು ಕಾಯುತ್ತಿರುತ್ತದೆ ಅಷ್ಟೇ.

ಪೆನ್‌ಡ್ರೈವಿಗೆ ಹೋದ ಚಂಕ್‌ಗಳು ಎಲ್ಲಿ ಕೂರುತ್ತವೆ? ಇದನ್ನು ಹತ್ತಿರದಿಂದ ನೋಡೋಣ. ಆಟದ ನಡುವೆ ಎಫ್3 ಒತ್ತಿದರೆ ನಾವು ನಿಂತ ಜಾಗದ ಸಂಖ್ಯೆಗಳು ಕಾಣುತ್ತವೆ. ಹುಡುಗನ ಮನೆ ಪೂರ್ವಕ್ಕೆ 600, ಉತ್ತರಕ್ಕೆ 200ರಲ್ಲಿತ್ತು. ಉತ್ತರವನ್ನು ಆಟ ಋಣಸಂಖ್ಯೆಯಾಗಿ ತೋರಿಸುವುದರಿಂದ 600 ಮತ್ತು -200. ಸೇವ್ಸ್ ಕೋಣೆಯ ಲೋಕದೊಳಗೆ ರೀಜನ್ ಎಂಬ ಫೋಲ್ಡರಿದೆ. ಅಲ್ಲಿನ ಒಂದೊಂದು ಫೈಲೂ 32 ಗುಣಿಸು 32, ಅಂದರೆ 1,024 ಚಂಕ್‌ಗಳ ಕಟ್ಟು, 512 ಬ್ಲಾಕ್ ಚೌಕದ ಪ್ರದೇಶ. 600ನ್ನು 512ರಿಂದ ಭಾಗಿಸಿ ಕೆಳಕ್ಕೆ ಇಳಿಸಿದರೆ 1. -200ನ್ನು ಹಾಗೆಯೇ ಮಾಡಿದರೆ -1. ಹಾಗಾಗಿ ಮನೆ ಇರುವುದು ‘ಆರ್’ ಚುಕ್ಕೆ 1 ಚುಕ್ಕೆ -1 ಎಂಬ ಹೆಸರಿನ ಫೈಲಿನಲ್ಲಿ. ಫೈಲಿನ ಮೊದಲ 4,096 ಬೈಟ್‌ಗಳು ಪರಿವಿಡಿ: ಚಂಕಿಗೆ ನಾಲ್ಕು ಬೈಟ್‌ನಂತೆ, ಅದು ಫೈಲಿನ ಎಷ್ಟನೇ ಪುಟದಲ್ಲಿ ಶುರುವಾಗುತ್ತದೆ, ಎಷ್ಟು ಪುಟ ಹಿಡಿದಿದೆ ಎಂಬ ವಿವರ. ಮುಂದಿನ 4,096 ಬೈಟ್‌ಗಳಲ್ಲಿ ಪ್ರತಿ ಚಂಕನ್ನು ಕೊನೆಗೆ ಉಳಿಸಿದ ಹೊತ್ತು. ಆಮೇಲೆ ಒತ್ತಿ ಮಡಚಿದ ಚಂಕ್‌ಗಳು. ಹೆಚ್ಚಿನ ಜಾಗ ಬರೀ ಗಾಳಿ, ಬರೀ ಕಲ್ಲು ಆದ್ದರಿಂದ 98 ಸಾವಿರ ಬ್ಲಾಕ್‌ಗಳು ಕೆಲವೇ ಕೆಬಿಗಳಲ್ಲಿ ಮಡಚಿಕೊಳ್ಳುತ್ತವೆ.

ಈ ಕಟ್ಟು ಕಟ್ಟುವ ಪದ್ಧತಿ ಮೊದಲಿನಿಂದ ಇರಲಿಲ್ಲ. ಆರಂಭದಲ್ಲಿ ಚಂಕಿಗೊಂದು ಫೈಲ್ ಇತ್ತು. ತುಸು ಹೊತ್ತು ಅಡ್ಡಾಡಿದರೂ ಸಾವಿರಾರು ಚಿಲ್ಲರೆ ಫೈಲ್‌ಗಳು ಬಿದ್ದಿರುತ್ತಿದ್ದವು. ಆಟಗಾರರ ಸಮುದಾಯದಲ್ಲಿ ಹುಟ್ಟಿದ ಕಟ್ಟಿನ ಉಪಾಯವನ್ನು 2011ರಲ್ಲಿ ಮೊಜಾಂಗ್ ತನ್ನದಾಗಿಸಿಕೊಂಡಿತು. 2012ರಲ್ಲಿ ಅದನ್ನು ಸುಧಾರಿಸಿ ಆ್ಯನ್ವಿಲ್ ಎಂದು ಕರೆಯಿತು. ಚಿಲ್ಲರೆ ಫೈಲ್‌ಗಳು ಪೆನ್‌ಡ್ರೈವಿಗೆ ಯಾಕೆ ಆಗಿಬರುವುದಿಲ್ಲ ಎಂಬುದನ್ನು ತಿಳಿಯಲು ಅದರ ಹೊಟ್ಟೆಯೊಳಗೆ ಇಣುಕಬೇಕು.

ಒಂದು ಎಳೆಗಾಗಿ ಇಡೀ ಅಂಗಳ

ಪೆನ್‌ಡ್ರೈವಿನಲ್ಲಿ ತಿರುಗುವ ತಟ್ಟೆಯಿಲ್ಲ. ಇರುವುದು ಫ್ಲ್ಯಾಶ್ ಮೆಮೊರಿಯ ಚಿಪ್ಪು. ಜಪಾನಿನ ತೋಶಿಬಾ ಕಂಪನಿಯ ಫುಜಿಯೊ ಮಸುಒಕಾ 1984ರಲ್ಲಿ ಇದನ್ನು ಲೋಕದ ಮುಂದಿಟ್ಟರು. ಒಂದೇ ಹೊಡೆತಕ್ಕೆ ಅಳಿಸಿಹೋಗುವ ರೀತಿ ಕ್ಯಾಮೆರಾದ ಫ್ಲ್ಯಾಶಿನಂತಿದೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದ್ದೇ ಹೆಸರಾಯಿತು. ಇಂದಿನ ಪೆನ್‌ಡ್ರೈವ್‌ಗಳಲ್ಲಿರುವ ನ್ಯಾಂಡ್ ಬಗೆ 1987ರದು. 2000ರಲ್ಲಿ ಅಂಗಡಿಗೆ ಬಂದ ಮೊದಮೊದಲ ಪೆನ್‌ಡ್ರೈವ್‌ಗಳಲ್ಲಿ 8 ಎಂಬಿ ಹಿಡಿಯುತ್ತಿತ್ತು, 1.44 ಎಂಬಿಯ ಫ್ಲಾಪಿ ನೋಡಿದ್ದವರಿಗೆ ಅದೇ ಕಣಜ.

ಈ ಚಿಪ್ಪಿನಲ್ಲಿ ಮಾಹಿತಿ ಎಂದರೆ ಸೆರೆಸಿಕ್ಕ ಎಲೆಕ್ಟ್ರಾನ್‌ಗಳು. ಸುತ್ತಲೂ ವಿದ್ಯುತ್ ಹಾಯದ ಗೋಡೆಯಿರುವ ಪುಟ್ಟ ಕೋಣೆಗೆ 15ರಿಂದ 20 ವೋಲ್ಟ್ ಒತ್ತಡ ಹಾಕಿ ಎಲೆಕ್ಟ್ರಾನ್‌ಗಳನ್ನು ನುಗ್ಗಿಸುತ್ತಾರೆ. ಗೋಡೆಯಲ್ಲಿ ತೂತಿಲ್ಲ, ಕ್ವಾಂಟಂ ಲೋಕದ ಟನಲಿಂಗ್ ಎಂಬ ವಿದ್ಯಮಾನದಿಂದ ಅವು ಗೋಡೆಯ ಮೂಲಕವೇ ಹಾದುಹೋಗುತ್ತವೆ. ಒತ್ತಡ ತೆಗೆದರೆ ಅಲ್ಲೇ ಸೆರೆ. ಪೆನ್‌ಡ್ರೈವನ್ನು ಕಿತ್ತು ಕೊರಳಿಗೆ ನೇತುಹಾಕಿಕೊಂಡರೂ ಮನೆ ಅಳಿಸಿಹೋಗದಿರುವುದು ಇದರಿಂದ. ಆದರೆ ಹೀಗೆ ನುಗ್ಗಿಸಿ ಹೊರಗೆಳೆದಾಗಲೆಲ್ಲ ಗೋಡೆ ತುಸು ಸವೆಯುತ್ತದೆ. ಆದ್ದರಿಂದ ಪ್ರತಿ ಕೋಣೆಗೂ ಬರೆದಳಿಸುವ ಆಯುಷ್ಯವೊಂದಿದೆ.

ಬರೆಯುವುದಕ್ಕೂ ಅಳಿಸುವುದಕ್ಕೂ ಇಲ್ಲಿ ಸರಿಸಮವಿಲ್ಲ. ಬರೆಯುವುದು 4ರಿಂದ 16 ಕೆಬಿಯ ಪುಟಗಳಲ್ಲಿ. ಅಳಿಸುವುದು ಅಂಥ ನೂರಾರು ಪುಟಗಳ ದೊಡ್ಡ ತುಂಡನ್ನು ಒಟ್ಟಿಗೆ. ಅಂಗಳದ ರಂಗೋಲಿಯಲ್ಲಿ ಒಂದು ಎಳೆ ತಪ್ಪಿದರೆ ಅದೊಂದನ್ನೇ ತಿದ್ದಲು ಬರುವುದಿಲ್ಲ, ಇಡೀ ಅಂಗಳ ಸಾರಿಸಿ ಮತ್ತೆ ಹಾಕಬೇಕು ಎಂಬ ನಿಯಮವಿದ್ದರೆ ಹೇಗೋ ಹಾಗೆ. ಜಾಣ ನಿಯಂತ್ರಕ ಚಿಪ್ಪು ಇರುವ ಎಸ್‌ಎಸ್‌ಡಿಯಲ್ಲಾದರೆ ಹೊಸ ಎಳೆಯನ್ನು ಬೇರೆ ಖಾಲಿ ಅಂಗಳದಲ್ಲಿ ಹಾಕಿ, ಹಳೆಯದನ್ನು ಬಿಡುವಾದಾಗ ಸಾರಿಸುತ್ತದೆ. ಅಗ್ಗದ ಪೆನ್‌ಡ್ರೈವಿನ ನಿಯಂತ್ರಕ ಬಡಪಾಯಿ. ಚಿಲ್ಲರೆ ಬರಹ ಬಂದಷ್ಟೂ ಸಾರಿಸುವ ಕೆಲಸದಲ್ಲೇ ಹೂತುಹೋಗುತ್ತದೆ. ಪೊಟ್ಟಣದ ಮೇಲೆ ಸೆಕೆಂಡಿಗೆ 100 ಎಂಬಿ ಎಂದು ಅಚ್ಚಾಗಿದ್ದರೂ ಅದು ದೊಡ್ಡ ಫೈಲೊಂದನ್ನು ಒಂದೇ ಸಮನೆ ಓದುವ ವೇಗ. 4 ಕೆಬಿಯ ಚೂರುಗಳನ್ನು ಅಲ್ಲಲ್ಲಿ ಬರೆಯಲು ಕೂತರೆ ಸೆಕೆಂಡಿಗೆ 1 ಎಂಬಿಯೂ ದಾಟದಿರಬಹುದು.

ಭಾವ ಬೆಂಗಳೂರಿನಲ್ಲಿ ಫೋಲ್ಡರ್ ಕಾಪಿ ಮಾಡಲು ಕೂತಾಗ ಆದದ್ದು ಇದೇ. ಆಟ ತನ್ನ ಸದ್ದುಗಳನ್ನೆಲ್ಲ ಸಾವಿರಾರು ಚಿಕ್ಕ ಫೈಲ್‌ಗಳಾಗಿ ಇಟ್ಟಿರುತ್ತದೆ. ಅವುಗಳ ಹೆಸರೂ ವಿಚಿತ್ರ: ಕೋಳಿಯ ಕೂಗಿನ ಫೈಲಿಗೆ ಕೋಳಿ ಎಂಬ ಹೆಸರಿಲ್ಲ, ಒಳಗಿನ ಮಾಹಿತಿಯಿಂದಲೇ ಲೆಕ್ಕಹಾಕಿ ತೆಗೆದ 40 ಅಂಕಿ-ಅಕ್ಷರಗಳ ಸರವೇ ಹೆಸರು. ಒಳಗಿನದು ಒಂದು ಬಿಟ್ ಬದಲಾದರೂ ಹೆಸರು ತಾಳೆಯಾಗದು, ಹಾಗಾಗಿ ಕೆಟ್ಟ ಫೈಲನ್ನು ಲಾಂಚರ್ ತಾನೇ ಪತ್ತೆಹಚ್ಚಿ ಮತ್ತೆ ತರಿಸಿಕೊಳ್ಳುತ್ತದೆ. ಮೆಚ್ಚಬೇಕಾದ ಏರ್ಪಾಟು, ಆದರೆ ಪೆನ್‌ಡ್ರೈವಿಗೆ ತಲೆನೋವು. ಇನ್ನೊಂದು ಪೋಲೂ ಇದೆ. 32 ಜಿಬಿಗಿಂತ ದೊಡ್ಡ ಡ್ರೈವನ್ನು ವಿಂಡೋಸ್ ಎಕ್ಸ್‌ಫ್ಯಾಟ್ ಪದ್ಧತಿಯಲ್ಲಿ ಫಾರ್ಮ್ಯಾಟ್ ಮಾಡುವಾಗ ಮಾಮೂಲಾಗಿ 128 ಕೆಬಿಯ ಗೂಡುಗಳನ್ನು ಹಂಚುತ್ತದೆ. 1 ಕೆಬಿಯ ಫೈಲ್ ಬಂದರೂ ಅದಕ್ಕೊಂದು ಪೂರ್ತಿ ಗೂಡು. ಒಬ್ಬರೇ ಹೋಗಲು ಬಸ್ಸು ಬುಕ್ ಮಾಡಿದ ಹಾಗೆ.

ಪೆನ್‌ಡ್ರೈವಿನಿಂದ ಆಡುವವರು ಇದರಿಂದ ಕಲಿಯಬೇಕಾದದ್ದು ಇಷ್ಟು. ನಿಂತಲ್ಲೇ ಮನೆ ಕಟ್ಟುವಾಗ ವ್ಯತ್ಯಾಸ ಗೊತ್ತಾಗುವುದಿಲ್ಲ, ಯಾಕೆಂದರೆ ಕೆಲಸವೆಲ್ಲ ಮೆಮೊರಿಯಲ್ಲಿ. ಹೊಸ ದಿಕ್ಕಿಗೆ ಓಡಿದಾಗ ಆಟ ಮುಗ್ಗರಿಸುತ್ತದೆ. ಕಾಣುವ ದೂರವನ್ನು ಕಡಿಮೆ ಮಾಡಿದರೆ ಹೊರೆ ಇಳಿಯುತ್ತದೆ. ಕಂಪ್ಯೂಟರಿನಲ್ಲಿ ನೀಲಿ ನಾಲಗೆಯ ಯುಎಸ್‌ಬಿ ಕಿಂಡಿ ಇದ್ದರೆ ಅದಕ್ಕೇ ಸಿಕ್ಕಿಸಿ: ಅದು ಸೆಕೆಂಡಿಗೆ 500 ಕೋಟಿ ಬಿಟ್ ಸಾಗಿಸಬಲ್ಲ 2008ರ ಯುಎಸ್‌ಬಿ 3.0 ಮಾದರಿ; 2000ದ 2.0ಗೆ 48 ಕೋಟಿಯೇ ಮಿತಿ. ಕೈಗೆಟಕುವುದಾದರೆ ಪೆನ್‌ಡ್ರೈವಿನ ಬದಲು ಪುಟ್ಟ ಹೊರ ಎಸ್‌ಎಸ್‌ಡಿ ಒಳ್ಳೆಯದು. ಶಾಲೆಯ, ಆಫೀಸಿನ ಕಂಪ್ಯೂಟರಿಗೆ ಸಿಕ್ಕಿಸುವ ಮೊದಲು ಕೇಳಿ; 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶ ಹರಡಿದ ದಾರಿಗಳಲ್ಲಿ ಪೆನ್‌ಡ್ರೈವೂ ಒಂದಾಗಿತ್ತು, ಲ್ಯಾಬಿನವರು ಹುಬ್ಬು ಗಂಟಿಕ್ಕುವುದು ಸುಮ್ಮನಲ್ಲ. ಆಟವನ್ನು ಹೊತ್ತೊಯ್ಯಬಹುದು ಎಂದ ಮಾತ್ರಕ್ಕೆ ಹಂಚಬಹುದು ಎಂದಲ್ಲ. ಆಡುವವರು ತಮ್ಮದೇ ಖಾತೆಯಲ್ಲಿ ಕೊಂಡಿರಬೇಕು. ಹಣ ಕೊಡದೆ, ಕೇಳದೆ ಹಂಚಿಕೊಳ್ಳಬಹುದಾದದ್ದು ಬೇಕಿದ್ದರೆ ಲುವಾಂಟಿ ಇದೆ. 2024ರವರೆಗೆ ಮೈನ್‌ಟೆಸ್ಟ್ ಎಂದು ಕರೆಸಿಕೊಳ್ಳುತ್ತಿದ್ದ ಈ ಮುಕ್ತ ತಂತ್ರಾಂಶದ ವಿಂಡೋಸ್ ಕಟ್ಟನ್ನು ಬಿಚ್ಚಿದಲ್ಲೇ ಓಡಿಸಬಹುದು, ಬ್ಯಾಚ್ ಫೈಲಿನ ಕಸರತ್ತೇ ಬೇಡ.

ಕಿತ್ತ ಹೊತ್ತು

ತಪ್ಪು ನನ್ನದೇ. ಹುಡುಗ ಊಟಕ್ಕೆ ಎದ್ದಿದ್ದ, ಆಟ ಪರದೆಯ ಮೇಲೆ ತೆರೆದೇ ಇತ್ತು. ನನಗೆ ತುರ್ತಾಗಿ ಎರಡು ಪುಟ ಪ್ರಿಂಟ್ ತೆಗೆಯಬೇಕಿತ್ತು. ಖಾಲಿ ಕಿಂಡಿ ಕಾಣಲಿಲ್ಲ. ಪೆನ್‌ಡ್ರೈವ್ ಕಿತ್ತು ಪ್ರಿಂಟರಿನ ವೈರು ಸಿಕ್ಕಿಸಿದೆ.

ವಿಂಡೋಸ್ 2018ರ ನಂತರ ಪೆನ್‌ಡ್ರೈವ್‌ಗಳನ್ನು ‘ಬೇಗ ಕೀಳಬಹುದು’ ಎಂಬ ಕ್ರಮದಲ್ಲೇ ಇಡುತ್ತದೆ. ಬರೆಯಬೇಕಾದದ್ದನ್ನು ತನ್ನಲ್ಲಿ ಕೂಡಿಡದೆ ಆಗಿಂದಾಗಲೇ ಬರೆಯುತ್ತದೆ. ನನ್ನ ಧೈರ್ಯಕ್ಕೆ ಅದೇ ಕಾರಣ. ಆದರೆ ಆ ಮಾತು ವಿಂಡೋಸಿನದು, ಆಟದ್ದಲ್ಲ. ಹುಡುಗ ಕಟ್ಟಿದ್ದರಲ್ಲಿ ಒಂದು ಪಾಲು ಇನ್ನೂ ಆಟದ ಮೆಮೊರಿಯಲ್ಲಿ ಇತ್ತು, ಇನ್ನೊಂದು ಪಾಲು ಬಹುಶಃ ಆ ಕ್ಷಣದಲ್ಲೇ ಪೆನ್‌ಡ್ರೈವಿಗೆ ಇಳಿಯುತ್ತಿತ್ತು. ಹುಡುಗನ ಪೆನ್‌ಡ್ರೈವಿನಲ್ಲಿದ್ದ ಎಕ್ಸ್‌ಫ್ಯಾಟ್ ಪದ್ಧತಿಯಲ್ಲಿ ದಿನಚರಿ ಇರುವುದಿಲ್ಲ. ಎನ್‌ಟಿಎಫ್‌ಎಸ್‌ನಂಥ ಪದ್ಧತಿ ‘ಈಗ ಇಂಥದ್ದನ್ನು ಬದಲಿಸಲಿದ್ದೇನೆ’ ಎಂದು ಮೊದಲು ಬರೆದಿಟ್ಟು ಆಮೇಲೆ ಕೈಹಾಕುತ್ತದೆ. ನಡುವೆ ಕರೆಂಟು ಹೋದರೂ ಫೈಲ್‌ಗಳ ಪಟ್ಟಿಯನ್ನು ಸರಿಪಡಿಸಿಕೊಳ್ಳಲು ದಾರಿಯಿರುತ್ತದೆ. ಇಲ್ಲಿ ಅದೂ ಇಲ್ಲ.

ಮತ್ತೆ ಸಿಕ್ಕಿಸಿ ತೆರೆದಾಗ ಲೋಕ ಬಂತು. ಲೋಕದ ಮುಖ್ಯ ದಾಖಲೆಯನ್ನು ಆಟ ಎಚ್ಚರದಿಂದ ನೋಡಿಕೊಳ್ಳುತ್ತದೆ: ಹೊಸದನ್ನು ಪಕ್ಕದಲ್ಲಿ ಪೂರ್ತಿ ಬರೆದು ಮುಗಿಸಿ, ಹಳೆಯದನ್ನು ಬೇರೆ ಹೆಸರಿನಲ್ಲಿ ಕಾದಿಟ್ಟು, ಆಮೇಲೆ ಹೆಸರು ಬದಲಿಸುತ್ತದೆ. ಬೀಜವಿರುವುದು ಆ ದಾಖಲೆಯಲ್ಲೇ. ರೀಜನ್ ಫೈಲಿಗೆ ಈ ಭಾಗ್ಯವಿಲ್ಲ. ಪರಿವಿಡಿ ಹೇಳಿದ ಪುಟಕ್ಕೆ ಹೋಗಿ ನೋಡಿದರೆ ಅಲ್ಲಿದ್ದದ್ದು ಓದಲಾಗದ ಚೂರು. ಓದಲಾಗದ ಚಂಕ್ ಸಿಕ್ಕಾಗ ಆಟ, ಇಲ್ಲಿಗೆ ಇನ್ನೂ ಯಾರೂ ಬಂದೇ ಇಲ್ಲ ಎಂದುಕೊಂಡು ಅದನ್ನು ಬೀಜದಿಂದ ಹೊಸದಾಗಿ ಹುಟ್ಟಿಸುತ್ತದೆ.

ಕೈ ಒರೆಸಿಕೊಳ್ಳುತ್ತ ಬಂದ ಹುಡುಗ ಪರದೆ ನೋಡಿದ. ಮನೆಯ ಅರ್ಧಭಾಗ ಚಾಕುವಿನಲ್ಲಿ ಕೊಯ್ದ ಹಾಗೆ ನೇರ ಗೆರೆಯಲ್ಲಿ ಮಾಯವಾಗಿತ್ತು. ಗೆರೆಯ ಈಚೆ ಜಗಲಿ, ದೀಪ, ಒಂದು ಮಂಚ. ಗೆರೆಯ ಆಚೆ, ಲೆಕ್ಕಕ್ಕೆ ಸರಿಯಾಗಿ 16 ಬ್ಲಾಕ್ ಅಗಲದಲ್ಲಿ, ಹುಲ್ಲು ತುಂಬಿದ ಇಳಿಜಾರು. ಅದರ ಮಧ್ಯೆ ಒಂದು ಓಕ್ ಮರ.

“ಮಾಮ, ಈ ಮರ... ಇದನ್ನ ನಾನು ಫಸ್ಟ್ ಡೇನೇ ಕಡಿದಿದ್ದೆ. ಬಾಗಿಲು ಮಾಡಿದ್ದು ಇದ್ರಲ್ಲೇ.”

ಸಮಾಧಾನದ ಮಾತು ನನ್ನ ಬಾಯಿಗೆ ಬರಲಿಲ್ಲ. ನಾವಿಬ್ಬರೂ ಆ ಮರವನ್ನೇ ನೋಡುತ್ತ ಕೂತೆವು. ಪ್ರೊಸೆಸರ್, ಮೆಮೊರಿ ಯಾರ ಮನೆಯಲ್ಲಾದರೂ ಸಿಗುತ್ತವೆ. ಜಾವಾ, ಕೋಳಿಯ ಕೂಗು, ಆಟದ ಆವೃತ್ತಿಗಳು ಕಳೆದರೆ ಲಾಂಚರ್ ಮತ್ತೆ ತಂದುಕೊಡುತ್ತದೆ. ಗುಡ್ಡವನ್ನೂ, ಕಡಿದ ಮರವನ್ನೂ ಸೂತ್ರ ಮತ್ತೆ ನಿಲ್ಲಿಸುತ್ತದೆ. ಬಾಗಿಲನ್ನು ಮಾತ್ರ ಯಾವ ಬೀಜವೂ ಹುಟ್ಟಿಸಲಾರದು. ಆ ಫೋಲ್ಡರಿನ ರಾಶಿ ಸಾಮಾನಿನಲ್ಲಿ ನಿಜಕ್ಕೂ ಹೊರಬೇಕಾಗಿದ್ದದ್ದು, ಎರಡು ಕಡೆ ಕಾಪಿ ಮಾಡಿ ಕಾಯಬೇಕಾಗಿದ್ದದ್ದು ಸೇವ್ಸ್ ಎಂಬ ಒಂದು ಕೋಣೆಯನ್ನು.

ರಜೆ ಮುಗಿಯುವವರೆಗೆ ಹುಡುಗ ಒಂದು ಕ್ರಮ ಬಿಡಲಿಲ್ಲ. ಮೊದಲು ಸೇವ್ ಮಾಡಿ ಲೋಕದಿಂದ ಹೊರಗೆ, ಆಮೇಲೆ ಆಟ ಬಂದ್, ಲಾಂಚರ್ ಬಂದ್. ನಂತರ ಸೇವ್ಸ್ ಫೋಲ್ಡರಿಗೆ ಆ ದಿನದ ತಾರೀಖು ಹಾಕಿ ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಕಾಪಿ. ಕೊನೆಗೆ ಗಡಿಯಾರದ ಪಕ್ಕದ ಗುರುತನ್ನು ಒತ್ತಿ, ತೆಗೆಯಬಹುದು ಎಂಬ ಸಂದೇಶ ಬಂದ ಮೇಲೆಯೇ ಪೆನ್‌ಡ್ರೈವ್ ಕೊರಳಿಗೆ. ಮನೆಯನ್ನು ಮತ್ತೆ ಕಟ್ಟಿದ. ಆ ಓಕ್ ಮರವನ್ನು ಮಾತ್ರ ಈ ಸಲ ಕಡಿಯಲಿಲ್ಲ. ಗೋಡೆಯನ್ನು ಅದರ ಸುತ್ತ ಬಳಸಿ ತಂದ.